ಹುಣಸೆ ತೋಪಿನ ಎರಡು ಪಕ್ಷ

ಹುಣಸೆಯ ಎಲೆ ಉದುರುವಾಗ ಸದ್ದಾಗುವುದಿಲ್ಲ. ನಮ್ಮ ವಿಶ್ವವಿದ್ಯಾಲಯದ ಹಿಂಬದಿಯ ತೋಪಿನಲ್ಲಿ ಅವು ಹಗಲೆಲ್ಲ ಹಾಗೆ ಉದುರುತ್ತಿದ್ದವು. ತೆರೆದಿಟ್ಟ ಪುಸ್ತಕದ ಮೇಲೆ, ಟೀ ಲೋಟದೊಳಗೆ, ಮಾತಿಗೆ ಕುಳಿತವರ ತಲೆಯ ಮೇಲೆ. ತರಗತಿಗೆ ಮರಳಿದ ಮೇಲೂ ನಾವು ಒಬ್ಬರ ಕೂದಲಿನಿಂದ ಇನ್ನೊಬ್ಬರು ಎಲೆ ಹೆಕ್ಕುತ್ತಿದ್ದೆವು.

ತರಗತಿ ಎಂದರೆ ದೊಡ್ಡ ಮಾತಾಯಿತು. ಪರಿಸರ ಅರ್ಥಶಾಸ್ತ್ರ ಮತ್ತು ಸುಸ್ಥಿರ ಅಭಿವೃದ್ಧಿಯ ನಮ್ಮ ವಿಭಾಗ ಅಲ್ಲಿ ಎಲ್ಲಕ್ಕಿಂತ ಹೊಸದು, ಎಲ್ಲಕ್ಕಿಂತ ಚಿಕ್ಕದು. ಅದಕ್ಕೊಂದು ಕೋಣೆ ಇರಲಿಲ್ಲ. ಸಸ್ಯಶಾಸ್ತ್ರದವರ ಕಟ್ಟಡದ ಹಿಂಬದಿಯ ಜಗಲಿಯಲ್ಲಿ ಪಾಠ ನಡೆಯುತ್ತಿತ್ತು. ಅವರಿಗೆ ಜಗಲಿ ಬೇಕಾದ ದಿನ ನಾವು ಕರಿಹಲಗೆ ಹೊತ್ತುಕೊಂಡು ಬೇರೆ ನೆಲೆ ಹುಡುಕುತ್ತಿದ್ದೆವು. ನಾನು ಇದನ್ನು ಓದುತ್ತೇನೆಂದಾಗ ನಮ್ಮ ಸೋದರಮಾವ, ‘ಗಾಳಿಗೂ ನೀರಿಗೂ ರೇಟು ಕಟ್ಟೋ ಓದಂತೆ. ನೋಡ್ಕೊಂಡು ಓದವ್ವ, ಉಸಿರಿಗೆ ಬಿಲ್ಲು ಹಾಕಿಬಿಟ್ಟೀಯ’ ಎಂದು ನಕ್ಕಿದ್ದ.

ಕೋದಂಡರಾಮಯ್ಯ ಮೇಷ್ಟ್ರು ಈ ವಿಭಾಗವನ್ನು ಒಬ್ಬರೇ ಕಟ್ಟಿದವರು. ಒಣಕಲು ದೇಹ, ತೋಳು ಮಡಚಿದ ಬಿಳಿ ಅಂಗಿ, ಮೆಲುದನಿ. ‘ಮುಂದಿನ ಪಂಕ್ತಿಯವರಿಗೂ ಉಳಿಯೋ ಹಾಗೆ ಉಣ್ಣೋದು ಹೇಗೆ, ಅಷ್ಟೇ ಕಣ್ರಯ್ಯ ನಮ್ಮ ಶಾಸ್ತ್ರ’ ಎನ್ನುತ್ತಿದ್ದರು. ವಿಭಾಗಕ್ಕೊಂದು ಸ್ವಂತ ಕಟ್ಟಡ ಬೇಕೆಂದು ಅವರು ಅಲೆಯದ ಕಚೇರಿಯಿಲ್ಲ. ನಮ್ಮ ಕೊನೆಯ ವರ್ಷ ಅದಕ್ಕೆ ಮಂಜೂರಾತಿ ಸಿಕ್ಕಿತು. ಅದು ಅವರ ನಿವೃತ್ತಿಯ ವರ್ಷವೂ ಆಗಿತ್ತು. ಅಂದು ಅವರು ಕಾಗದದ ಪೊಟ್ಟಣದಲ್ಲಿ ಬೂಂದಿ ತಂದು, ತಾವೇ ಎಲ್ಲರ ಕೈಗೂ ಹಾಕಿದರು. ಕಟ್ಟಡದ ನಕ್ಷೆಯನ್ನು ಜಗಲಿಯ ಗೋಡೆಗೆ ಅಂಟಿಸಿದರು. ಪಾಠದ ನಡುವೆ ಅವರ ಕಣ್ಣು ಆಗಾಗ ಅತ್ತ ಹೋಗಿ ಬರುತ್ತಿತ್ತು.

ಒಂದು ವಾರ ಕಳೆದಿರಬಹುದು, ತೋಪಿನಲ್ಲಿ ಗೂಟಗಳು ಕಾಣಿಸಿದವು. ಕಟ್ಟಡ ಬರುವುದು ಅಲ್ಲೇ, ಅರ್ಧ ತೋಪು ಉರುಳುತ್ತದೆ ಎಂದು ತಿಳಿಯಿತು.

ನನಗೆ ತಡೆಯಲಾಗಲಿಲ್ಲ. ‘ಸಾರ್, ಪರಿಸರದ ಪಾಠ ಹೇಳೋದಕ್ಕೆ ಮರ ಕಡಿಯೋದಾ?’ ಎಂದು ಕೇಳಿಬಿಟ್ಟೆ.

ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಿಂದ ಮರಿಸ್ವಾಮಿ ಎದ್ದು ನಿಂತ. ತರಗತಿಯಲ್ಲಿ ನನ್ನ ಪ್ರತಿ ಮಾತಿಗೂ ಎದುರು ಮಾತು ಇಟ್ಟುಕೊಂಡಿರುತ್ತಿದ್ದವನು ಅವನು. ‘ಈ ವರ್ಷ ಕಟ್ಟದಿದ್ರೆ ಹಣ ವಾಪಸ್ ಹೋಗುತ್ತೆ. ಕೋಣೆ ಇಲ್ಲ ಅಂತ ವಿಭಾಗವನ್ನೇ ಮುಚ್ತಾರೆ. ಆಮೇಲೆ ಮರದ ಪರ ಮಾತಾಡೋರನ್ನ ಎಲ್ಲಿಂದ ತರ್ತೀಯ?’ ಎಂದ.

ಜಗಳ ಬೆಳೆಯಿತು. ಮೇಷ್ಟ್ರು ಕೈಯೆತ್ತಿ ಇಬ್ಬರನ್ನೂ ಕೂರಿಸಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ‘ಇದನ್ನೇ ನಿಮ್ಮ ಅಧ್ಯಯನ ಮಾಡ್ಕೊಳ್ಳಿ. ನೀನು ತೋಪಿನ ಪಕ್ಷ, ಅವನು ಕಟ್ಟಡದ ಪಕ್ಷ. ಸೆಮಿನಾರಿಗೆ ಕುಲಪತಿಗಳನ್ನೂ ಕರೀತೀನಿ. ಅಲ್ಲೀತನಕ ಕೆಲಸದ ಬಗ್ಗೆ ನೀವಿಬ್ಬರೂ ಒಬ್ಬರಿಗೊಬ್ಬರು ಬಾಯಿ ಬಿಡಕೂಡದು’ ಎಂದರು.

ನಾನು ಉತ್ಸಾಹದಿಂದ ಹೊರಟೆ. ತೋಪು ಉಳಿಯಬೇಕೆನ್ನುವವರ ಮಾತು ಸಂಗ್ರಹಿಸಲು ಹೆಣ್ಣುಮಕ್ಕಳ ಹಾಸ್ಟೆಲ್ಲಿನಿಂದ ಶುರುಮಾಡಿದೆ. ಎಲ್ಲರಿಗೂ ತೋಪು ಬೇಕಾಗಿತ್ತು. ಕೊನೆಗೆ ಮೊದಲ ವರ್ಷದ ಚಿಕ್ಕತಾಯಿಯನ್ನು ಕೇಳಿದೆ. ಅವಳು ಕಾಡಂಚಿನ ಹಾಡಿಯಿಂದ ಬಂದವಳು, ಅಲ್ಲಿಂದ ಇಷ್ಟು ದೂರ ಓದಲು ಬಂದ ಮೊದಲ ಹುಡುಗಿ. ಬಟ್ಟೆ ಹಿಂಡುತ್ತಿದ್ದವಳು ಕೈ ನಿಲ್ಲಿಸದೆ ಹೇಳಿದಳು: ‘ತೋಪು ಚೆಂದಾಗದೆ ಕಣಕ್ಕ. ಆದ್ರೆ ನಮ್ಮ ಕಡೆ ಮರಕ್ಕೇನು ಬರ? ಪಾಠದ ಮನೆಗೇ ಬರ. ಈ ಓದು ನಿಂತೋದ್ರೆ ನಾನು ಎಲ್ಲಿ ಹೋಗಿ ಕೂತ್ಕೊಳ್ಳಲಿ?’

ಮರುದಿನ ಅವಳ ಗೆಳತಿಯರನ್ನು ಕಂಡೆ, ಅದರ ಮರುದಿನ ಇನ್ನಷ್ಟು ಜನರನ್ನು. ನಮ್ಮ ಓದು ಮುಗಿಸಿ ತಂತಮ್ಮ ಊರಿಗೆ ಮರಳಿದವರು ಅಲ್ಲಿನ ಕೆರೆ, ಗೋಮಾಳಗಳಿಗಾಗಿ ಏನೇನು ಮಾಡಿದ್ದರೆಂದು ಹುಡುಕಿ ತಿಳಿದುಕೊಂಡೆ. ತಿಳಿದಷ್ಟೂ ನನ್ನ ಪಕ್ಷದ ಕಾಲು ಸಡಿಲವಾಯಿತು.

ಈ ನಡುವೆ ಮರಿಸ್ವಾಮಿ ದಿನವೂ ತೋಪಿನಲ್ಲೇ ಇರುತ್ತಿದ್ದ. ಅದು ಹುಣಸೆ ಬಡಿಯುವ ಕಾಲ. ತೋಪಿನಾಚೆಯ ಕೇರಿಯ ಹೆಂಗಸರು ಬಂದು ಹಣ್ಣು ಆಯುತ್ತಿದ್ದರು. ಅವನು ಅವರ ಜೊತೆ ಬಿದಿರ ಗಳು ಹಿಡಿದು ಕೊಂಬೆ ಬಡಿಯುವುದನ್ನು ಜಗಲಿಯಿಂದ ನೋಡಿದೆ. ತೋಪಿನ ಆದಾಯ ಎಷ್ಟು ಕಡಿಮೆಯೆಂದು ತೋರಿಸಲು ಈ ನಾಟಕ ಎಂದುಕೊಂಡೆ. ಸಂಜೆ ಎದುರಾದಾಗ ಅವನ ತಲೆ ತುಂಬ ಹುಣಸೆ ಎಲೆ. ನನ್ನ ಕೈ ತಾನಾಗಿ ಮೇಲೆದ್ದಿತು. ನಡುವೆ ತಡೆದು, ಸೆರಗು ಸರಿಮಾಡಿಕೊಂಡೆ. ಅವನಿಗೆ ಅದು ಕಾಣಿಸಿತ್ತು. ಏನೋ ಹೇಳಲು ಬಾಯಿ ತೆರೆದವನು, ‘ಮೇಷ್ಟ್ರ ಆಣೆ’ ಎಂದು ನಕ್ಕು ಹೊರಟುಹೋದ.

ಸೆಮಿನಾರಿನ ದಿನ ಕುಲಪತಿಗಳು ಮುಂದಿನ ಸಾಲಿನಲ್ಲಿ ಕುಳಿತರು. ಎತ್ತರದ, ಗಂಭೀರ ಮುಖದ ಹೆಂಗಸು. ಮೊದಲ ಸರದಿ ಮರಿಸ್ವಾಮಿಯದು.

‘ನಾನು ಕಟ್ಟಡದ ಪರ ಮಾತಾಡಬೇಕಿತ್ತು. ಆದರೆ ನನ್ನಿಂದ ಆಗ್ತಿಲ್ಲ’ ಎಂದು ಅವನು ಆರಂಭಿಸಿದ.

ಸಭೆ ಕಿವಿ ನಿಮಿರಿಸಿತು. ಮರಗಳ ಬೆಲೆ ಅಲ್ಪವೆಂದು ತೋರಿಸಲೆಂದೇ ಅವನು ತೋಪಿಗೆ ಹೋಗಿದ್ದನಂತೆ. ಕೇರಿಯ ಹೆಂಗಸರು ಹಣ್ಣನ್ನು ಸಮನಾಗಿ ಹಂಚಿಕೊಳ್ಳುವುದನ್ನು, ಆ ವರ್ಷ ಬಾಣಂತಿಯಿರುವ ಮನೆಗೆಂದು ಒಂದು ಮರವನ್ನು ಪೂರ್ತಿ ಬಿಡುವುದನ್ನು ಕಂಡನಂತೆ. ‘ಈ ಏರ್ಪಾಟು ಯಾರು ಮಾಡಿದ್ದು ಅಂತ ಅವರಿಗೇ ಗೊತ್ತಿಲ್ಲ. ಮರಕ್ಕೆ ಬದಲು ಮರ ನೆಡಬಹುದು. ಇಂಥ ಏರ್ಪಾಟನ್ನ ಎಲ್ಲಿ ನೆಡೋದು? ನಾವು ಓದೋ ಸುಸ್ಥಿರ ಬದುಕು ನಮ್ಮ ಹಿತ್ತಲಲ್ಲೇ ನಡೀತಿದೆ. ಅದನ್ನ ಕೆಡವಿ, ಅದರ ಮೇಲೆ ಕೂತು ಅದನ್ನೇ ಓದೋದು ನನಗೆ ಒಪ್ಪಿಗೆಯಿಲ್ಲ.’

ಅವನು ನನ್ನ ಎದುರಾಳಿಯಾಗಿ ಉಳಿಯುತ್ತಾನೆಂಬ ಧೈರ್ಯದಲ್ಲೇ ನಾನು ನನ್ನ ಮಾತು ಸಿದ್ಧಪಡಿಸಿದ್ದೆ. ಎದ್ದು ನಿಂತೆ. ‘ನಾನು... ತೋಪಿನ ಪರ ಮಾತಾಡಬೇಕಿತ್ತು’ ಎಂದೆ.

ಮೊದಲು ನಕ್ಕದ್ದು ಚಿಕ್ಕತಾಯಿ. ಆಮೇಲೆ ಇಡೀ ಸಭಾಂಗಣ. ಕುಲಪತಿಗಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮರಿಸ್ವಾಮಿ ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದ. ನಗು ಅಡಗಿದ ಮೇಲೆ ನಾನು ಚಿಕ್ಕತಾಯಿಯಂಥವರ ಮಾತುಗಳನ್ನೆಲ್ಲ ಸಭೆಯ ಮುಂದಿಟ್ಟೆ. ‘ಮುಂದಿನವರ ಪಾಲು ಅಂತೀವಿ. ಮುಂದಿನವರು ಅಂದರೆ ಇವರೇ. ಇವರಿಗೆ ಕೂರಲು ಜಾಗ ಬೇಕು’ ಎಂದು ಮುಗಿಸಿದೆ. ಆಗ ಯಾರೂ ನಗಲಿಲ್ಲ.

‘ಇಬ್ಬರದೂ ನಿಜವಾದರೆ ನಾನೇನು ಮಾಡಲಿ?’ ಎಂದರು ಕುಲಪತಿ.

ಮೇಷ್ಟ್ರು ಎದ್ದರು. ಗೋಡೆಯ ನಕ್ಷೆಯನ್ನು ಅವರು ಅಂದು ಸಭೆಗೆ ತೋರಿಸಲೆಂದು ಸುತ್ತಿ ತಂದಿದ್ದರು. ಅದನ್ನು ಬಿಚ್ಚಲಿಲ್ಲ. ಸ್ವಲ್ಪ ಹೊತ್ತು ಅದನ್ನು ಅಂಗೈಯಲ್ಲಿ ಉರುಳಿಸುತ್ತ ನಿಂತು, ‘ಗೂಟ ಕೀಳಿಸಿ, ಮೇಡಂ. ಜಾಗ ಬೇರೆ ಹುಡುಕೋಣ’ ಎಂದರು. ದನಿ ಎಂದಿನಂತೆಯೇ ಮೆಲ್ಲಗಿತ್ತು. ಹೊಸ ಶೈಕ್ಷಣಿಕ ಅವಧಿ ಆರಂಭವಾಗುವುದರೊಳಗೆ ಜಾಗ ತೋರಿಸಿದರೆ, ಹಳೆಯ ಕಟ್ಟಡದ ದುರಸ್ತಿಗಾದರೂ ಆ ಹಣ ಬಳಸಲು ಅನುಮತಿ ತರುವುದಾಗಿ ಕುಲಪತಿಗಳು ಮಾತು ಕೊಟ್ಟರು.

ಹುಡುಕುವ ಕೆಲಸ ನಮ್ಮಿಬ್ಬರ ಪಾಲಿಗೆ ಬಂತು. ಬಾಯಿಗೆ ಹಾಕಿದ್ದ ಬೀಗವೂ ಕಳಚಿತ್ತು. ಆವರಣದ ಮೂಲೆ ಮೂಲೆಯನ್ನೂ ಸುತ್ತಿದೆವು. ಕಡೆಗೊಂದು ಮಧ್ಯಾಹ್ನ ಬಿಸಿಲು ತಾಳದೆ ಒಂದು ಕಲ್ಲಿನ ಗೋದಾಮಿನ ನೆರಳಿಗೆ ನಿಂತೆವು. ಹಿಂದೆ ಅದು ಧಾನ್ಯದ ಉಗ್ರಾಣವಾಗಿತ್ತಂತೆ. ಈಗ ಮುರಿದ ಬೆಂಚುಗಳನ್ನು ಎಸೆಯುವ ಜಾಗ. ಒಳಗಿನಿಂದ ಬೆಂಚುಗಳು ಒತ್ತಿ ಬಾಗಿಲು ತೆರೆಯಲಿಲ್ಲ. ಮರಿಸ್ವಾಮಿ ಕಿಟಕಿ ಹತ್ತಿ ಒಳಗೆ ಧುಮುಕಿದ. ತುಸು ಹೊತ್ತಿಗೆ ಅವನ ದನಿ ಕೇಳಿಸಿತು: ‘ಬೇಗ ಬಾ. ಇಲ್ಲಿ ಎಷ್ಟು ತಣ್ಣಗಿದೆ ನೋಡು.’

ಎಂಜಿನಿಯರು ಬಂದು ಗೋಡೆ ಗುದ್ದಿ ನೋಡಿ ತಲೆಯಾಡಿಸಿದರು. ಬೆಂಚು ಹೊರಹಾಕಿದ ದಿನ ನಮ್ಮ ಪಾಲಿಗೆ ಹಬ್ಬ. ಧೂಳಿನಲ್ಲಿ ಯಾರ ಗುರುತೂ ಯಾರಿಗೂ ಸಿಗುತ್ತಿರಲಿಲ್ಲ. ಬೇಡವೆಂದರೂ ಕೇಳದೆ ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಒಂದು ಬೆಂಚಿನ ತುದಿ ಹಿಡಿದರು. ಇನ್ನೊಂದು ತುದಿ ಚಿಕ್ಕತಾಯಿಯದು. ಕೇರಿಯ ಹೆಂಗಸರು ಬಿಂದಿಗೆಗಳಲ್ಲಿ ಹುಣಸೆ ಪಾನಕ ತಂದರು. ಬಡಗಿಗಳು ಅಂಗಳದಲ್ಲೇ ಕುಳಿತು ಬೆಂಚಿಗೆ ಕಾಲು ಜೋಡಿಸತೊಡಗಿದರು.

ಆ ಗದ್ದಲದ ನಡುವೆ ಮರಿಸ್ವಾಮಿ ಪಾನಕದ ಲೋಟ ಹಿಡಿದು ನನ್ನ ಪಕ್ಕ ಬಂದು ಕುಳಿತ. ‘ಮುಂದೆಯೂ ನನ್ನ ಜೊತೆ ಹೀಗೇ ಜಗಳ ಆಡ್ತೀಯಾ?’ ಎಂದು ಕೇಳಿದ.

‘ನೀನು ಹೇಳದೆ ಕೇಳದೆ ಪಕ್ಷ ಬದಲಾಯಿಸದಿದ್ದರೆ’ ಎಂದೆ.

ಇಂದಿಗೂ ನಮ್ಮ ಮನೆಯಲ್ಲಿ ಆ ಜಗಳ ನಿಂತಿಲ್ಲ.

ಉಗ್ರಾಣದಲ್ಲಿ ನಡೆದ ಮೊದಲ ತರಗತಿಗೆ, ಆಗಷ್ಟೇ ಓದು ಮುಗಿಸಿದ್ದ ನಾವು ಹಳಬರೂ ಹೋಗಿ ಹಿಂದೆ ಕುಳಿತೆವು. ಮೇಷ್ಟ್ರಿಗೆ ನಿವೃತ್ತಿಗೆ ಇನ್ನು ಕೆಲವೇ ವಾರ ಉಳಿದಿತ್ತು. ಒಳಗೆ ದೀಪ ಇನ್ನೂ ಬಂದಿರಲಿಲ್ಲ. ಮಾಡಿನಲ್ಲಿ ಹೆಂಚುಗಳ ನಡುವೆ ಒಂದು ಗಾಜಿನ ಹೆಂಚಿತ್ತು. ಅದರಿಂದಿಳಿದ ಬಿಸಿಲು ಕರಿಹಲಗೆಯ ಎಡತುದಿಯಲ್ಲಿ ಚೌಕವಾಗಿ ಬಿದ್ದಿತ್ತು. ಮೇಷ್ಟ್ರು ಆ ಬೆಳಕಿನೊಳಗೆ ಬರೆಯಲಾರಂಭಿಸಿದರು. ಹೊತ್ತು ಸರಿದಂತೆ ಬೆಳಕು ಬಲಕ್ಕೆ ಜರುಗಿತು. ಅವರೂ ಬರೆಯುತ್ತ ಅದರ ಜೊತೆ ಒಂದೊಂದೇ ಹೆಜ್ಜೆ ಜರುಗಿದರು. ಚಿಕ್ಕತಾಯಿಯೂ ಅವಳ ಗೆಳತಿಯರೂ ಸದ್ದಾಗದಂತೆ ಬೆಂಚುಗಳನ್ನು ಎತ್ತಿ, ಅವರ ಹಿಂದೆಯೇ ಸರಿಯುತ್ತಿದ್ದರು.