ಅಕ್ಕ ಅತಿಥಿಯಾಗಿ ಬಂದ ವಾರ

1

ಎಲ್ಲಿಂದ ಶುರು ಮಾಡುವುದು?

ಸಮುದ್ರದಿಂದ ಮಾಡಬಹುದಿತ್ತು. ಕಡಲ ದಂಡೆಯ ಕಥೆ ಎಂದ ಮೇಲೆ ಮೊದಲ ಸಾಲಿನಲ್ಲೇ ಒಂದು ಅಲೆ ಬಂದು ಓದುಗರ ಕಾಲು ತೋಯಿಸದಿದ್ದರೆ ಹೇಗೆ? ಹಾಗೆಂದು ಅರ್ಧ ಪುಟ ಬರೀ ಅಲೆಗಳನ್ನೇ ಬರೆದೆ. ಮತ್ತೆ ಓದಿದರೆ ಟೂರಿಸ್ಟ್ ಕಂಪನಿಯವರು ಹಂಚುವ ಬಣ್ಣದ ಕಾಗದದ ಹಾಗಿತ್ತು. ಹರಿದು ಹಾಕಿದೆ. (ಅಂದರೆ ಡಿಲೀಟ್ ಮಾಡಿದೆ. ಹರಿಯುವ ಸುಖ ಕಂಪ್ಯೂಟರಿನಲ್ಲಿ ಎಲ್ಲಿದೆ?)

ಆಮೇಲೆ ವೈನಿನಿಂದ ಶುರು ಮಾಡಿದೆ. 'ಒಂದು ಗುಟುಕಿಗೆ ಸ್ವರ್ಗಕ್ಕೆ ಮೂರೇ ಗೇಣು' ಎಂದು ಬರೆದು, ನನ್ನ ಜಾಣತನಕ್ಕೆ ನಾನೇ ತಲೆದೂಗಿ, ಮಾರನೆಯ ದಿನ ನಾಚಿಕೆಪಟ್ಟು ಅಳಿಸಿದೆ.

ಕೊನೆಗೆ ಕಥೆಯ ಹೆಂಗಸೇ ಬೇಸತ್ತು ಹೇಳಿದಳು: "ಬೆಡ್‌ಶೀಟಿಂದ ಶುರು ಮಾಡಿ. ನನ್ನ ದಿನ ಶುರುವಾಗೋದೇ ಅಲ್ಲಿಂದ."

ಸರಿ. ಬೆಡ್‌ಶೀಟು.

2

ಡಬಲ್ ಬೆಡ್‌ಶೀಟ್ ಮಡಚಲು ಇಬ್ಬರು ಬೇಕು. ಒಬ್ಬರು ಈ ತುದಿ, ಇನ್ನೊಬ್ಬರು ಆ ತುದಿ ಹಿಡಿದು, ಒಮ್ಮೆ ಝಾಡಿಸಿ, ಮೂಲೆಗೆ ಮೂಲೆ ಕೂಡಿಸಿಕೊಂಡು ಎದುರುಬದುರು ನಡೆದು ಬರಬೇಕು. ನಡುವೆ ಸಿಕ್ಕಾಗ ಒಬ್ಬರು ತಮ್ಮ ಮೂಲೆಗಳನ್ನು ಇನ್ನೊಬ್ಬರ ಕೈಗೆ ಕೊಟ್ಟು, ಬಗ್ಗಿ, ಕೆಳಗಿನ ಮಡಿಕೆಯನ್ನು ಎತ್ತಿಕೊಳ್ಳಬೇಕು. ಒಬ್ಬರೇ ಮಡಚುವುದಾದರೆ ಗದ್ದದ ಕೆಳಗೆ ಒಂದು ಅಂಚು ಒತ್ತಿ ಹಿಡಿದು, ಎರಡೂ ಕೈ ಚಾಚಿ, ಹಾರಲು ಬಾರದ ಹಕ್ಕಿಯ ಹಾಗೆ ನಿಲ್ಲಬೇಕು. ಕಡಲ ಗಾಳಿಗೆ ಬಟ್ಟೆಯೆಲ್ಲ ಮುಖಕ್ಕೇ ಬಂದು ಸುತ್ತಿಕೊಳ್ಳುತ್ತದೆ.

ನಮ್ಮ ಹೆಂಗಸು ಹೀಗೆ ಹಿತ್ತಲಿನಲ್ಲಿ ಬೆಡ್‌ಶೀಟಿನೊಳಗೆ ಸಿಕ್ಕಿಕೊಂಡು ನಿಂತಿದ್ದಾಳೆ. ದಂಡೆಯ ರಸ್ತೆಯ ಕೊನೆಯಲ್ಲಿರುವ ಐದು ಕೋಣೆಗಳ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಅವಳದು. ಬ್ರೆಡ್ಡಿನವನಿಂದ ಹಿಡಿದು ಪ್ಲಂಬರ್ ತನಕ ಊರಿನವರೆಲ್ಲ ಅವಳನ್ನು ಕರೆಯುವುದು 'ತಂಗಿ' ಎಂದು. ಐವತ್ತು ದಾಟಿದ, ಮಂಡಿಗೆ ಪಟ್ಟಿ ಸುತ್ತಿಕೊಂಡು ಮೆಟ್ಟಿಲು ಹತ್ತುವ ಹೆಂಗಸು ಎಲ್ಲರಿಗೂ ತಂಗಿಯಾದದ್ದು ಹೇಗೆಂದರೆ, ಆ ಮನೆಯನ್ನು ಮೊದಲಿನಿಂದ ನಡೆಸಿದವರು ಇಬ್ಬರು, ಅಕ್ಕ ಮತ್ತು ತಂಗಿ. ಇಬ್ಬರಿಗೂ ಮದುವೆಯಾಗಿರಲಿಲ್ಲ. ಆಗಲಿಲ್ಲ ಎಂಬ ಕೊರಗೂ ಇರಲಿಲ್ಲ. ಕೊರಗಲು ಪುರಸೊತ್ತೇ ಇರಲಿಲ್ಲ ಅನ್ನಿ.

ಈಗ ಅಕ್ಕ ಇಲ್ಲ. ಅಕ್ಕನಿಲ್ಲದ ಮನೆಯಲ್ಲಿ ಒಬ್ಬಳು ಯಾರಿಗೆ ತಂಗಿ?

(ಗಾಬರಿ ಬೇಡ, ಅಕ್ಕ ಸತ್ತಿಲ್ಲ. ಮೊದಲ ಡ್ರಾಫ್ಟಿನಲ್ಲಿ ಸಾಯಿಸಿದ್ದೆ. ಸಾವು ಒಂದಿದ್ದರೆ ಕಥೆಗಾರನಿಗೆ ಅರ್ಧ ಕೆಲಸ ಮುಗಿದ ಹಾಗೆ. ತಂಗಿ ಒಪ್ಪಲಿಲ್ಲ. "ಸತ್ತಿದ್ರೆ ಅತ್ತು ಸುಮ್ಮನಾಗ್ತಿದ್ದೆ. ಅವಳು ಮದುವೆಯಾದಳು ಕಣ್ರೀ" ಅಂದಳು.)

3

ಹೌದು, ಅರವತ್ತರ ಹೊಸ್ತಿಲಲ್ಲಿ ಅಕ್ಕ ಮದುವೆಯಾದಳು. ಒಬ್ಬ ನಿವೃತ್ತ ಡೆಂಟಿಸ್ಟ್. ಹೆಂಡತಿ ತೀರಿಹೋಗಿದ್ದಳು, ಒಳನಾಡಿನ ದೊಡ್ಡ ಊರಿನಿಂದ ಹವೆ ಬದಲಾಗಲಿ ಎಂದು ಬಂದಿದ್ದ. ಮೊದಲ ದಿನ ತಿಂಡಿ ಮುಗಿಸಿ ತನ್ನ ತಟ್ಟೆಯನ್ನು ತಾನೇ ಅಡುಗೆಮನೆಗೆ ತಂದಿಟ್ಟ. ಮಾರನೆಯ ದಿನ ತೊಳೆದೇ ಇಟ್ಟ. ಆಮೇಲೆ ಅಕ್ಕ ತೊಳೆದ ತಟ್ಟೆಗಳನ್ನೆಲ್ಲ ಒರೆಸುತ್ತ ಅಲ್ಲೇ ನಿಂತುಬಿಟ್ಟ. ಅಷ್ಟು ವರ್ಷಗಳಲ್ಲಿ ಬಂದ ಯಾವ ಅತಿಥಿಯೂ ಆ ಅಡುಗೆಮನೆಯ ಹೊಸ್ತಿಲು ದಾಟಿರಲಿಲ್ಲ.

ಮುಂದಿನ ಸೀಸನ್ನಿಗೆ ಮತ್ತೆ ಬಂದ. ಅದರ ಮುಂದಿನ ಸೀಸನ್ನಿಗೆ ಅಕ್ಕನನ್ನು ಕರೆದುಕೊಂಡು ಹೋದ.

ಮದುವೆಯ ಊಟದ ಮೇಜಿನ ಬಳಿ ತಂಗಿ ಎದ್ದು ನಿಂತು, "ನಮ್ಮ ಭಾವ ಉಂಡೂ ಹೋದರು, ಕೊಂಡೂ ಹೋದರು" ಅಂದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳೂ ನಕ್ಕಳು. ಅದು ತಮಾಷೆಯಲ್ಲ ಎಂದು ಗೊತ್ತಿದ್ದವಳು ಅಕ್ಕ ಒಬ್ಬಳೇ. ಅವಳು ತಟ್ಟೆ ನೋಡುತ್ತ ಕೂತಿದ್ದಳು.

4

ಈಗ ವೈನ್. (ಮೂರು ಗೇಣಿನ ಮಾತೆತ್ತುವುದಿಲ್ಲ.)

ಊರ ಹಿಂದಿನ ಗುಡ್ಡ ಸಮುದ್ರಕ್ಕೆ ಮುಖ ಮಾಡಿ ಕೂತಿದೆ. ಅದರ ಇಳಿಜಾರಿನ ತುಂಬ ದ್ರಾಕ್ಷಿ. ಉಪ್ಪುಗಾಳಿ ಕುಡಿದು ಬೆಳೆದ, ಸಣ್ಣ, ಹಸಿರು, ಗಟ್ಟಿ ಸಿಪ್ಪೆಯ ಹಣ್ಣು. ಅದರಿಂದ ಬರುವ ಬಿಳಿ ವೈನ್ ಮೊದಲ ಗುಟುಕಿಗೆ ಬರೀ ಹುಳಿ. ನುಂಗಿದ ಮೇಲೆ ನಾಲಿಗೆಯ ಅಂಚಿನಲ್ಲಿ ಒಂದು ಅನುಮಾನ ಉಳಿಯುತ್ತದೆ: ಉಪ್ಪಿತ್ತೇ? ಆ ಅನುಮಾನ ತೀರಿಸಿಕೊಳ್ಳಲು ಎರಡನೆಯ ಗುಟುಕು.

ಸಂಜೆ ಕೋಣೆಗಳ ಕೆಲಸ ಮುಗಿದು, ಅತಿಥಿಗಳೆಲ್ಲ ಮರಳಿನ ಮೇಲೆ ಅಡ್ಡಾಡುವ ಹೊತ್ತಿಗೆ, ಅಕ್ಕ-ತಂಗಿ ಜಗಲಿಯಲ್ಲಿ ಒಂದೊಂದು ಗ್ಲಾಸ್ ಹಿಡಿದು ಕೂರುತ್ತಿದ್ದರು. ಯಾವ ಕೋಣೆಯವರು ಟವೆಲ್ ಕದಿಯುವ ಪೈಕಿ, ಯಾವ ಗಂಡಹೆಂಡಿರು ಮಾತು ಬಿಟ್ಟಿದ್ದಾರೆ, ಎಲ್ಲ ಅಲ್ಲಿ ಇತ್ಯರ್ಥವಾಗುತ್ತಿತ್ತು. ಇತ್ಯರ್ಥವಾಗದೆ ಉಳಿದದ್ದು ಒಂದೇ.

"ಉಪ್ಪಿದೆ" ಅನ್ನುತ್ತಿದ್ದಳು ತಂಗಿ.

"ಇಲ್ಲ. ಅದು ನಿನ್ನ ತುಟಿ ಮೇಲಿರೋ ಬೆವರು" ಅನ್ನುತ್ತಿದ್ದಳು ಅಕ್ಕ.

ಅಕ್ಕ ಹೋದ ಮೇಲೆ ತೆರೆದ ಬಾಟಲಿ ಮುಗಿಯದೆ ಕೆಡತೊಡಗಿತು. ಅದಕ್ಕೇ ತಂಗಿ ಅತಿಥಿಗಳಿಗೆ ಸಂಜೆ ಒಂದೊಂದು ಗ್ಲಾಸ್ ಕೊಡುವ ರೂಢಿ ಮಾಡಿದಳು. "ನಮ್ಮ ಗುಡ್ಡದ್ದೇ, ರುಚಿ ನೋಡಿ" ಎಂದು ಜಗಲಿಯಲ್ಲಿ ಕುರ್ಚಿಗಳನ್ನೂ ಹಾಕಿದಳು. ಅವರು ಖುಷಿಪಟ್ಟರು, ಥ್ಯಾಂಕ್ಸ್ ಅಂದರು, ಗ್ಲಾಸ್ ಹಿಡಿದುಕೊಂಡು ಮೇಲೆ ತಮ್ಮ ತಮ್ಮ ಬಾಲ್ಕನಿಗೆ ಹೋದರು. ಅವರ ನಗು ಮೇಲಿನಿಂದ ಕೇಳಿಸುತ್ತಿತ್ತು. ದೂರುವ ಹಾಗಿಲ್ಲ, ಪಾಪ, ಬಾಲ್ಕನಿ ಚೆನ್ನಾಗಿದೆ ಎಂದೇ ಅವರು ಆ ಕೋಣೆ ಹಿಡಿದದ್ದು.

5 (ಕೈಬಿಟ್ಟ ಅಧ್ಯಾಯ)

ಇಲ್ಲಿ ನಾನು, ವೈನಿನ ಪೆಟ್ಟಿಗೆ ತಂದಿಳಿಸುವ ತೋಟದವನನ್ನು ಬರಮಾಡಿಕೊಂಡಿದ್ದೆ. ಮಿತಭಾಷಿ, ಅಗಲ ಭುಜ, ಬಿಸಿಲಿಗೆ ಕಂದಿದ ಮುಖ. ಪೆಟ್ಟಿಗೆ ಇಳಿಸಿ, ಹಣೆ ಒರೆಸಿಕೊಂಡು, 'ಈ ವರ್ಷದ್ದು ಚೆನ್ನಾಗಿದೆ' ಅನ್ನುತ್ತಾನೆ. ತಂಗಿ ತಲೆ ಎತ್ತಿ ನೋಡುತ್ತಾಳೆ.

"ಏನ್ರೀ ಇದು?" ತಂಗಿ ಬಾಗಿಲಲ್ಲೇ ತಡೆದಳು. "ಅವನಿಗೆ ಹೆಂಡತಿ ಇದ್ದಾಳೆ. ಇಬ್ಬರು ಮೊಮ್ಮಕ್ಕಳಿದ್ದಾರೆ. ನಿಮಗೆ ಗೊತ್ತಿಲ್ವಾ?"

"ಹೆಂಡತಿಯನ್ನು ತೆಗೆದುಬಿಡಬಹುದು."

"ಅವಳು ಒಳ್ಳೆ ಹೆಂಗಸು, ಅವಳನ್ನ್ಯಾಕೆ ತೆಗೀತೀರಿ? ಒಂಟಿ ಹೆಂಗಸು ಕಂಡ್ರೆ ಸಾಕು, ನಿಮ್ಮಂಥವರ ಕೈ ತುರಿಸುತ್ತೆ. ನನಗೆ ಬೇಕಾಗಿರೋದು ಗಂಡ ಅಲ್ಲ. ಬೆಡ್‌ಶೀಟಿನ ಆ ತುದಿ ಹಿಡ್ಕೊಳ್ಳೋಕೆ ಒಬ್ಬರು."

ತೋಟದವನು ಪೆಟ್ಟಿಗೆ ಇಳಿಸಿ ಹೋದ. ಅಷ್ಟೇ.

6

ಸೀಸನ್ ಶುರುವಾಗುವ ಮುಂಚೆ, ಮನೆ ಖಾಲಿಯಿದ್ದಾಗ, ಅಕ್ಕನ ಫೋನ್ ಬಂತು.

"ರೂಮ್ ಇದೆಯೇನೇ?"

"ಯಾರಿಗೆ?"

"ನನಗೇ. ಒಬ್ಬಳೇ ಬರ್ತೀನಿ."

ಓದುಗರೇ, ಆ 'ಒಬ್ಬಳೇ' ಎಂಬ ಮಾತಿನ ಮೇಲೆ ತಂಗಿ ಒಂದು ಮನೆಯನ್ನೇ ಕಟ್ಟಿದಳು. ಭಾವ ಯಾಕಿಲ್ಲ? ಜಗಳವೇ? ಅಕ್ಕನ ದನಿ ಸಣ್ಣಗಿತ್ತಲ್ಲವೇ? ದೇವರೇ, ಹಾಗಾಗದಿರಲಿ ಎಂದು ಬಾಯಿ ಹೇಳುತ್ತಿತ್ತು. ಕೈಗಳು ಆಗಲೇ ಅಕ್ಕನ ಹಳೆಯ ಕೋಣೆಯ ಕಿಟಕಿ ತೆರೆದು, ಹಾಸಿಗೆಯನ್ನು ಬಿಸಿಲಿಗೆಳೆಯುತ್ತಿದ್ದವು. ಅಕ್ಕನ ಸಂಸಾರ ಮುರಿದಿದ್ದರೆ ಎಂದು ಯೋಚಿಸಿದಾಗ ಹೊಟ್ಟೆಯಲ್ಲಿ ಹಾಲು ಹೊಯ್ದ ಹಾಗಾಯಿತು. ಹಾಗಾಯಿತಲ್ಲ ಎಂದು ತನ್ನ ಮೇಲೇ ಹೇಸಿಗೆಯಾಯಿತು. ಎರಡೂ ಒಟ್ಟಿಗೆ.

(ಇದನ್ನು ಬರೆಯಬೇಡಿ ಅಂದಳು. ಬರೆದೆ. ಆಮೇಲೆ ಎರಡು ದಿನ ನನ್ನೊಡನೆ ಮಾತಾಡಲಿಲ್ಲ.)

ಅಕ್ಕ ಬಂದಳು. ದೊಡ್ಡ ಸೂಟ್‌ಕೇಸ್. ತಂಗಿ ಎತ್ತಲು ಹೋದರೆ ಭುಜ ಜಗ್ಗಿತು. ವಾರಕ್ಕೆ ಬರುವವರ ಭಾರವಲ್ಲ ಅದು. ಇದ್ದುಬಿಡಲು ಬಂದವರ ಭಾರ. ಇಷ್ಟು ವರ್ಷ ಅತಿಥಿಗಳ ಚೀಲ ಹೊತ್ತವಳಿಗೆ ಅಷ್ಟು ಅಂದಾಜಿಲ್ಲವೇ?

ಮಾರನೆಯ ಬೆಳಿಗ್ಗೆ ತಂಗಿ ಎದ್ದು ಬರುವಷ್ಟರಲ್ಲಿ ಅಕ್ಕ ಏಪ್ರನ್ ಕಟ್ಟಿ ಒಲೆಯ ಮುಂದಿದ್ದಳು.

"ಏನಕ್ಕ, ಅತಿಥಿಯಾಗಿ ಬಂದು?"

"ಸುಮ್ನಿರೇ. ಆ ಮನೇಲಿ ಅವರಿಗೊಂದು ಟೋಸ್ಟು, ನನಗೊಂದು ಟೋಸ್ಟು. ಹತ್ತು ಜನಕ್ಕೆ ತಿಂಡಿ ಮಾಡಿ ರೂಢಿಯಾದ ಕೈ, ಬೆಳಿಗ್ಗೆ ಎದ್ದು ಏನು ಮಾಡ್ಲಿ ಅಂತ ಕೇಳುತ್ತೆ."

ಇದೂ ಆಸೆಯ ಲೆಕ್ಕಕ್ಕೇ ಸೇರಿತು. ಇಬ್ಬರೂ ಪರದೆಗಳನ್ನು ಒಗೆದರು, ಬಾತ್‌ರೂಮಿನ ಜಾಲರಿಯಿಂದ ಕಳೆದ ವರ್ಷದ ಮರಳು ಕೆರೆದರು, ತುಕ್ಕು ಹಿಡಿದ ಬಾಗಿಲ ಕೀಲುಗಳಿಗೆ ಎಣ್ಣೆ ಬಿಟ್ಟರು. ತಂಗಿ ಕೆಲಸದ ನಡುವೆ ಹಾಡು ಗುನುಗುತ್ತಿರುವುದನ್ನು ತಾನೇ ಕೇಳಿಸಿಕೊಂಡು ಬೆಚ್ಚಿದಳು. ಅಕ್ಕ ಹೋದ ಮೇಲೆ ಪ್ರತಿ ಬೇಸಿಗೆಗೆ ಆ ಕೋಣೆಯನ್ನು ಇಡೀ ತಿಂಗಳು ಹಿಡಿಯುತ್ತಿದ್ದ ಕುಟುಂಬವೊಂದು ಫೋನ್ ಮಾಡಿದಾಗ ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. "ಆ ರೂಮ್ ಇನ್ಮೇಲೆ ಕೊಡಲ್ಲ. ಮನೆಯವರೇ ಇರ್ತಾರೆ" ಅಂದುಬಿಟ್ಟಳು.

ಅಕ್ಕ ಆಗ ಅಲ್ಲಿರಲಿಲ್ಲ. ದಂಡೆಯ ಮೇಲಿದ್ದಳು.

7

ಆ ಸಂಜೆ ಜಗಲಿಯಲ್ಲಿ ಬಾಟಲಿ ತೆರೆದರು. ಅಕ್ಕ ಒಂದು ಗುಟುಕು ಕುಡಿದು ತುಟಿ ಸವರಿಕೊಂಡಳು.

"ಉಪ್ಪಿದೆ ಕಣೆ."

"ಏನಂದೆ?"

"ಇದೆ. ಅಲ್ಲಿಗೊಂದು ಪೆಟ್ಟಿಗೆ ತಗೊಂಡು ಹೋಗಿದ್ನಲ್ಲ, ಅಲ್ಲಿ ಕುಡಿದ್ರೆ ಬರೀ ಹುಳಿ. ಆಗ ಗೊತ್ತಾಯ್ತು."

ಇಷ್ಟು ವರ್ಷದ ವಾದ ಗೆದ್ದ ತಂಗಿ ಕುಣಿಯಬೇಕಿತ್ತು. ಯಾಕೋ ಅವಳಿಗೆ ಎದುರಾಳಿಯನ್ನು ಕಳೆದುಕೊಂಡ ಹಾಗಾಯಿತು.

"ಇರು, ನಿನಗೇನೋ ತಂದಿದ್ದೀನಿ" ಎಂದು ಅಕ್ಕ ಒಳಗಿನಿಂದ ಆ ಸೂಟ್‌ಕೇಸನ್ನು ಎಳೆದು ತಂದು ತೆರೆದಳು. ತುಂಬ ಬೆಡ್‌ಶೀಟುಗಳು. ಹೊಸವು, ಬಿಳಿಯವು, ಐದೂ ಕೋಣೆಗಳಿಗೆ ಸಾಕಾಗುವಷ್ಟು. "ಸುತ್ತ ಎಲಾಸ್ಟಿಕ್ ಇದೆ ನೋಡು. ಮೂಲೆಗೆ ಸಿಕ್ಕಿಸಿದ್ರೆ ಆಯ್ತು, ಎಳೆಯೋದು ಬೇಡ, ಮಡಚಿ ಒತ್ತೋದು ಬೇಡ. ಒಬ್ಬಳೇ ಹಾಸಬಹುದು."

ಒಬ್ಬಳೇ ಹಾಸಬಹುದು.

(ಎಲಾಸ್ಟಿಕ್ ಇರುವ ಬೆಡ್‌ಶೀಟನ್ನು ಮಡಚಲು ಇಬ್ಬರಿದ್ದರೂ ಆಗದು ಎಂಬ ಜೋಕೊಂದು ನನ್ನ ಬಳಿ ಇತ್ತು. ತಂಗಿಯ ಮುಖ ನೋಡಿ ನುಂಗಿಕೊಂಡೆ.)

ತಂಗಿ ಒಂದು ಬೆಡ್‌ಶೀಟನ್ನು ತೊಡೆಯ ಮೇಲಿಟ್ಟುಕೊಂಡು ಎಲಾಸ್ಟಿಕ್ಕನ್ನು ಎಳೆದಳು, ಬಿಟ್ಟಳು. ಮತ್ತೆ ಎಳೆದಳು.

"ಅಂದ್ರೆ ವಾಪಸ್ ಹೋಗ್ತೀಯಾ?"

"ಹೋಗದೆ? ಭಾನುವಾರ ಅವರೇ ಬರ್ತಾರೆ ಕರ್ಕೊಂಡು ಹೋಗೋಕೆ. ಯಾಕೆ, ನೀನೇನು ಅಂದ್ಕೊಂಡಿದ್ದೆ?"

ಅಕ್ಕನಿಗೆ ಅದನ್ನು ಹೇಳಬೇಕಾಗಿರಲಿಲ್ಲ. ತಂಗಿ, ಎಂದೂ ಯಾರನ್ನೂ ಏನನ್ನೂ ಬೇಡದವಳು, ಬೇಡಿದಳು.

"ಇಲ್ಲೇ ಇದ್ದುಬಿಡು ಅಕ್ಕ."

ಅಕ್ಕ ಅವಳ ಕೈಯಿಂದ ಬೆಡ್‌ಶೀಟನ್ನು ತೆಗೆದು ಪಕ್ಕಕ್ಕಿಟ್ಟಳು. "ಅಲ್ಲಿ ಸಂಜೆ ಹೊತ್ತು ನನಗೂ ಆಗಲ್ಲ ಕಣೆ. ಕಿಟಕಿ ತೆಗೆದ್ರೆ ಎದುರುಮನೆ ಗೋಡೆ. ಬಿಟ್ಟು ಬಂದುಬಿಡೋಣ ಅಂತ ಎಷ್ಟು ಸಲ ಅನ್ಸಿದೆ. ಅವರು ಕೆಟ್ಟವರಾಗಿದ್ರೆ ಎಷ್ಟು ಸುಲಭ ಇತ್ತು! ನಾನು ಎದ್ದ ತಕ್ಷಣ ನನ್ನ ಚಪ್ಪಲಿನ ಕಾಲ ಹತ್ರ ತಂದಿಡ್ತಾರೆ. ಅಂಥವರನ್ನ ಏನಂತ ಬಿಟ್ಟು ಬರ್ಲಿ, ಹೇಳು?"

ಇಬ್ಬರೂ ಕತ್ತಲಾಗುವ ಮುಂಚೆಯೇ ಒಳಗೆ ಹೋದರು. ಬಾಟಲಿಯಲ್ಲಿ ಅರ್ಧ ಉಳಿದಿತ್ತು.

8

ಭಾನುವಾರ ಭಾವ ಬಂದ. ಇಲ್ಲಿ ಅವನನ್ನು ಸ್ವಲ್ಪ ಕೆಟ್ಟವನನ್ನಾಗಿ ಮಾಡೋಣ ಎಂದು ನಾನು ಎಷ್ಟು ಹೆಣಗಿದೆ! ಹೆಂಡತಿಯ ಮಾತು ತುಂಡರಿಸಲಿ, ವೈನ್ ರುಚಿಯಿಲ್ಲ ಅನ್ನಲಿ. ಆ ಮಹಾರಾಯ ಬಂದವನೇ ತೋಳು ಮಡಚಿ ತಟ್ಟೆ ಒರೆಸಲು ನಿಂತ. ಊಟಕ್ಕೆ ಕೂತಾಗ ತಂಗಿಯನ್ನೇ ನೋಡಿ, "ಎಡಗಡೆ ನೋಯ್ತಿದೆಯಾ? ಬಲಗಡೇಲೇ ಅಗೀತಿದ್ದೀರಿ" ಅಂದ. ಬಾಯಿ ತೆರೆಸಿ, ಟಾರ್ಚ್ ಬಿಟ್ಟು ನೋಡಿ, ಇಂಥಾ ಡಾಕ್ಟರ ಹತ್ತಿರ ಹೋಗಿ ಎಂದು, ಆ ಡಾಕ್ಟರಿಗೂ ಅಲ್ಲೇ ಫೋನ್ ಮಾಡಿ ಹೇಳಿಟ್ಟ. ಅವಳ ಹಲ್ಲು ನೋಯುತ್ತಿದೆಯೆಂದು ಅಕ್ಕ ಹೋದಂದಿನಿಂದ ಯಾರೂ ಗಮನಿಸಿರಲಿಲ್ಲ. ಅಕ್ಕನೂ ಗಮನಿಸಿರಲಿಲ್ಲ.

ದ್ವೇಷಿಸಲು ಇದ್ದ ಒಬ್ಬನೇ ಮನುಷ್ಯನೂ ಹೀಗೆ ಕೈತಪ್ಪಿದ.

ಕಾರು ತಿರುವು ದಾಟುವ ತನಕ ಅಕ್ಕ ಹಿಂತಿರುಗಿ ನೋಡುತ್ತಲೇ ಇದ್ದಳು.

9

ಈಗ ಮುಗಿಸಬೇಕು. ನನ್ನ ಬಳಿ ಮೂರು ಅಂತ್ಯಗಳಿವೆ.

ಅ) ತಂಗಿ ಮನೆ ಮಾರಿ ಅಕ್ಕನ ಊರಿಗೆ ಹೋಗುತ್ತಾಳೆ.
("ಆ ಎದುರುಮನೆ ಗೋಡೆ ನೋಡ್ಕೊಂಡು ಇಬ್ಬರೂ ಅಳೋದಾ? ಬೇಡ.")

ಆ) ವರ್ಷ ತಿರುಗುವುದರೊಳಗೆ ಅಕ್ಕ, ಭಾವ ಇಬ್ಬರೂ ಇಲ್ಲಿಗೇ ಬಂದು ನೆಲೆಸುತ್ತಾರೆ. ಓದುಗರು ಕಣ್ಣೊರೆಸಿಕೊಳ್ಳುತ್ತಾರೆ.
("ಭಾವನ ಮೊಮ್ಮಕ್ಕಳೆಲ್ಲ ಆ ಊರಲ್ಲೇ ಇದ್ದಾರೆ. ನಿಮ್ಮ ಓದುಗರಿಗೋಸ್ಕರ ಅವರು ಬರಲ್ಲ.")

ಇ) ಕಾಲಿಂಗ್ ಬೆಲ್ ಸದ್ದಾಗುತ್ತದೆ. ತಂಗಿ ಬಾಗಿಲು ತೆರೆಯುತ್ತಾಳೆ...
("ಯಾರೂ ಇಲ್ಲ. ಗಾಳಿಗೆ ವೈರ್ ಕೆಟ್ಟಿದೆ, ತಾನೇ ಹೊಡ್ಕೊಳ್ಳುತ್ತೆ.")

ನಾನು ಕೀಬೋರ್ಡಿನಿಂದ ಕೈ ತೆಗೆದೆ. ಆಗ ಅವಳು, ನನ್ನನ್ನು ಒಂದು ಮಾತೂ ಕೇಳದೆ, ಒಂದು ಕೆಲಸ ಮಾಡಿದಳು. ಸೀಸನ್ ಶುರುವಾಗಲು ಇನ್ನೂ ದಿನಗಳಿದ್ದವು. ಗೇಟಿಗೆ 'ರೂಮ್ ಇಲ್ಲ' ಎಂಬ ಬೋರ್ಡು ನೇತುಹಾಕಿ, ಒಂದು ಕೈಚೀಲ ಹಿಡಿದು, ಗುಡ್ಡದ ಆಚೆಗೆ ಹೋಗುವ ಬಸ್ಸು ಹತ್ತಿದಳು. ಅಲ್ಲಿ, ಹೊಳೆಯ ಪಕ್ಕದ ಒಂದು ಊರಿನಲ್ಲಿ, ಗುರುತು ಪರಿಚಯವಿಲ್ಲದ ಒಬ್ಬ ಹೆಂಗಸಿನ ಮನೆಯಲ್ಲಿ ಕೋಣೆ ಹಿಡಿದಳು.

"ಎಷ್ಟು ಜನ?" ಕೇಳಿದಳು ಆ ಮನೆಯೊಡತಿ.

"ಒಬ್ಬಳೇ."

ರಾತ್ರಿ ಊಟಕ್ಕೆ ಆ ಊರಿನ ಕೆಂಪು ವೈನ್ ಕೊಟ್ಟರು. ಮಣ್ಣಿನ ವಾಸನೆಯ, ನಾಲಿಗೆ ಒಗರಾಗಿಸುವ ವೈನ್. ಚೆನ್ನಾಗಿದೆಯೋ ಇಲ್ಲವೋ ಎಂದು ವಾದಿಸಲು ಯಾರೂ ಇರಲಿಲ್ಲವಾದ್ದರಿಂದ ತಾನೇ ಹೇಳಿಕೊಂಡಳು, ತಾನೇ ಅಲ್ಲಗಳೆದಳು. ಇನ್ನೊಬ್ಬರು ಹಾಸಿದ ಹಾಸಿಗೆಯಲ್ಲಿ ಮಲಗಿದಳು. ನಿದ್ದೆ ಬಂತೋ, ಅತ್ತಳೋ, ನನಗೆ ಗೊತ್ತಿಲ್ಲ, ಬಾಗಿಲು ಹಾಕಿಕೊಂಡಿದ್ದಳು.

ಬೆಳಿಗ್ಗೆ ಕಿಟಕಿಯ ಪಕ್ಕದ ಮೇಜಿನ ಮುಂದೆ ಕೂತಿದ್ದಾಗ ಮನೆಯೊಡತಿ ಬಂದು ಕೇಳಿದಳು: "ನಿಮಗೆ ಮೊಟ್ಟೆ ಹೇಗೆ ಮಾಡ್ಲಿ?"

ತಂಗಿ ಬಾಯಿ ತೆರೆದಳು. ಮುಚ್ಚಿದಳು.

ಸಾವಿರಾರು ಜನರಿಗೆ ಅವಳು ಈ ಪ್ರಶ್ನೆ ಕೇಳಿದ್ದಾಳೆ. ಅವಳು ತಿಂದದ್ದು ಮಾತ್ರ ಬಾಣಲೆಯಲ್ಲಿ ಉಳಿದದ್ದು, ಅತಿಥಿ ಮುಟ್ಟದೆ ಬಿಟ್ಟದ್ದು, ಅಥವಾ ಅಕ್ಕನಿಗೆ ಇಷ್ಟ ಎಂದು ಮಾಡಿದ ಆಮ್ಲೆಟ್ಟಿನ ಇನ್ನರ್ಧ.

ಅಡುಗೆಮನೆಯಲ್ಲಿ ಎಣ್ಣೆ ಕಾಯುತ್ತಿದೆ. ಮನೆಯೊಡತಿ ನಿಂತಿದ್ದಾಳೆ. ನಾನು ಮೆಲ್ಲಗೆ, "ಬೇಯಿಸಿದ್ದು ಅಂತ ಹೇಳಿಬಿಡಿ, ಕಥೆ ಮುಗಿಸೋಣ" ಅಂದೆ.

"ಸ್ವಲ್ಪ ಸುಮ್ಮನಿರ್ತೀರಾ?" ಅಂದಳು ತಂಗಿ. "ಯೋಚನೆ ಮಾಡ್ತಿದ್ದೀನಿ."