ಆರತಕ್ಷತೆಯಲ್ಲಿ ಗಟ್ಟಿಮೇಳ

ಅಜ್ಜಂಪುರದ ಛತ್ರಕ್ಕೆ ಬರುವಾಗಲೇ ಕಾಂತರಾಜ್ ಹೇಳಿಬಿಟ್ಟಿದ್ದ. "ನೋಡಮ್ಮ ಶ್ರುತಿ, ಇವತ್ತೂ ಜನ ಕಿವಿಗೊಡ್ಲಿಲ್ಲ ಅಂದ್ರೆ ನಾನು ಕಡೂರಿನ ಆರ್ಕೆಸ್ಟ್ರಾಕ್ಕೆ ಹೋಗ್ತೀನಿ. ಬೇಜಾರು ಮಾಡ್ಕೋಬೇಡ."

ಬೇಜಾರಾಗದೆ ಇರುತ್ತಾ! ತರೀಕೆರೆಯಲ್ಲಿ ಬಾಸ್ ಗಿಟಾರ್ ನುಡಿಸುವವರು ಇನ್ಯಾರಿದ್ದಾರೆ? ಅವನು ಹೋದರೆ ಮೂವರ ತಂಡ ಅಲ್ಲಿಗೆ ಮುಗಿಯಿತು. ಭಜನೆಗೆ ಹಾರ್ಮೋನಿಯಂ ಒತ್ತುತ್ತಿದ್ದ ಶ್ರುತಿ ಮೊಬೈಲಿನಲ್ಲಿ ಜಾಜ್ ಪಿಯಾನೋ ಕೇಳಿ ಹುಚ್ಚು ಹಿಡಿಸಿಕೊಂಡು, ಚಿಕ್ಕಪ್ಪನ ಟೈಲರ್ ಅಂಗಡಿಯ ಹಿಂದೆ ಆರು ವರ್ಷ ಕೀಬೋರ್ಡ್ ಕುಟ್ಟಿದ್ದಳು. ಗೊತ್ತಿರುವ ಧಾಟಿಯನ್ನೇ ಹಿಡಿದು, ಮೂವರೂ ತೋಚಿದ ದಾರಿಯಲ್ಲಿ ಅಲೆದು, ಮತ್ತೆ ಒಂದೇ ಕಡೆ ಬಂದು ಸೇರುವ ಆ ಆಟ ಅವಳಿಗೆ ಊಟಕ್ಕಿಂತ ರುಚಿ. ಅವಳ ಬೆರಳೇನೋ ಪಳಗಿತ್ತು. ಮೂವರೂ ಒಟ್ಟಿಗೆ ಬಂದು ಸೇರಿದ್ದು ಮಾತ್ರ ಒಂದು ದಿನವೂ ಇಲ್ಲ.

ಆರತಕ್ಷತೆ ಶುರುವಾಯಿತು. ಶ್ರುತಿ ಕೀಬೋರ್ಡಿನಲ್ಲಿ ಮೆತ್ತಗೆ ಒಂದು ಧಾಟಿ ಎತ್ತಿಕೊಂಡಳು. ಜನರ ಕಣ್ಣೆಲ್ಲ ಹೋಳಿಗೆ ಕಡೆ. ವೇದಿಕೆ ಪಕ್ಕ ನಿಂತಿದ್ದ ಮದುಮಗಳ ಅಪ್ಪ ಗಂಗಾಧರಯ್ಯನವರು ಐಸ್‌ಕ್ರೀಂ ಹಂಚುವವನನ್ನು ಕರೆಯಲು ಬೆರಳೆತ್ತಿ ಆಡಿಸಿದರು.

ಅಷ್ಟೇ! ಡ್ರಮ್ಸ್ ನುಡಿಸುತ್ತಿದ್ದ ಹೊನ್ನೇಶ್ ಓಲಗದವರ ಜೊತೆ ಡೋಲು ಬಾರಿಸಿಯೇ ಬೆಳೆದವನು. ತಾಳಿ ಕಟ್ಟುವಾಗ ಹಿರಿಯರು ಬೆರಳಾಡಿಸಿದರೆ ಗಟ್ಟಿಮೇಳ ಬಾರಿಸಬೇಕು. ಅದಕ್ಕೆ ಯೋಚನೆ ಬೇರೆ ಬೇಕಾ? ಧಡಧಡ ಅಂತ ಛತ್ರವೇ ನಡುಗುವ ಹಾಗೆ ಬಾರಿಸಿಬಿಟ್ಟ.

ಉಣ್ಣುತ್ತಿದ್ದವರು ಎಲೆ ಬಿಟ್ಟು ಎದ್ದು ಓಡಿಬಂದರು. "ಅಯ್ಯೋ, ಮುಹೂರ್ತ ನಾಳೆ ಬೆಳಿಗ್ಗೆ ಅಲ್ವೇನ್ರೀ?" ಅಕ್ಷತೆ ಸಿಗದೆ ಒಬ್ಬರು ಅಜ್ಜಿ ಮುಡಿದ ಮಲ್ಲಿಗೆಯನ್ನೇ ಕಿತ್ತು ಎಸೆದುಬಿಟ್ಟರು.

"ಲೇ ಹೊನ್ನೇಶ, ನಿನ್ ಮನೆ ಹಾಳಾಗ!" ಶ್ರುತಿಗೆ ಅಳು, ಸಿಟ್ಟು ಎರಡೂ ಬಂದವು.

ತಲೆ ಎತ್ತಿದರೆ ಇನ್ನೂರು ಜನ ಬಾಯಿ ಬಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದಾರೆ. ಇಂಥ ಅವಕಾಶ ಇನ್ಯಾವಾಗ? ಹೊನ್ನೇಶನ ಇನ್ನೂ ನಿಲ್ಲದ ಬಡಿತವನ್ನೇ ಎಡಗೈಯಲ್ಲಿ ಹಿಡಿದು, ಬಲಗೈಯನ್ನು ಅದರ ಪಾಡಿಗೆ ಬಿಟ್ಟಳು. ಗಾಬರಿಯಾಗಿದ್ದ ಕಾಂತರಾಜ್ ಅವಳ ಮುಖ ನೋಡುತ್ತಲೇ ಬೆನ್ನಿಗೆ ಬಂದ. ಮೂವರೂ ಎಲ್ಲೆಲ್ಲೋ ಅಲೆದರು. ವಾಪಸು ಬರೋದು ಹೇಗೆ? ಶ್ರುತಿ ಬಲಗೈ ಎತ್ತಿ ಬೆರಳಾಡಿಸಿದಳು. ಮೂವರೂ ಧಡ್ ಎಂದು ಒಂದೇ ಜಾಗಕ್ಕೆ ಬಂದು ಬಿದ್ದರು.

ಚಪ್ಪಾಳೆ ನಿಂತ ಮೇಲೆ ಗಂಗಾಧರಯ್ಯನವರು, "ಚೆನ್ನಾಗಿತ್ತು ಕಣಮ್ಮ. ಇನ್ನು ಸಿನಿಮಾ ಹಾಡು ಶುರು ಮಾಡಿ" ಎಂದರು.

ಶ್ರುತಿ ಬಾಯಿ ತೆರೆಯುವ ಮೊದಲೇ ಕಾಂತರಾಜ್ ಅಂದ: "ಸ್ವಲ್ಪ ಇರಿ ಸ್ವಾಮಿ, ನಮ್ದಿನ್ನೂ ಮುಗಿದಿಲ್ಲ."