ನಲವತ್ತನೇ ದಿನದ ಬೆಳ್ಳಿ

ಬೆಳ್ಳಿಯೋ ಅಲ್ಲವೋ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ನಮ್ಮೂರಿನ ಓಶ್ ಪೇಟೆಯಲ್ಲಿ, ತೀರಿಹೋದ ಗಂಡನ ಒರೆಗಲ್ಲನ್ನು ಮುಂದಿಟ್ಟುಕೊಂಡು ಕೂತಿರುತ್ತೇನೆ. ಅಜ್ಜಿಯ ಜಡೆಯ ಸರದಿಂದ ಕಿತ್ತ ನಾಣ್ಯ ತಂದು ಜನ ನನ್ನ ಬಾಯನ್ನೇ ನೋಡುತ್ತಾರೆ. ಬೆಳ್ಳಿಯಲ್ಲ ಎಂದರೆ ಸಿಟ್ಟು ನನ್ನ ಮೇಲೆ.

ಅವತ್ತು ಅಸಿಲ್‌ಕಾನ್ ತನ್ನ ಸೊಸೆ ಜಿಪಾರಳ ಜೊತೆ ಬಂದಳು. ಸೊಸೆಯ ಕೈಯಲ್ಲಿ ಕೂಸು. ಮಾರನೆಯ ದಿನ ಅದಕ್ಕೆ ನಲವತ್ತನೇ ದಿನದ ಸ್ನಾನ. ನಲವತ್ತು ಚಮಚ ನೀರಿಗೆ ಬೆಳ್ಳಿ ನಾಣ್ಯ ಹಾಕಿ ಮೀಯಿಸಿದರೇ ಕೂಸು ಉಳಿಯುತ್ತದೆ ಎಂದು ನಮ್ಮವರ ನಂಬಿಕೆ. ಜಿಪಾರಳ ಚೊಚ್ಚಲ ಕೂಸಿಗೆ ಅವಳ ತವರಿನ ನಾಣ್ಯ ಹಾಕಿದ್ದರು. ಆ ಮಗು ಚಳಿಗಾಲ ದಾಟಲಿಲ್ಲ. ಸೊಸೆಯ ತವರಿನವರು ಖೋಟಾ ನಾಣ್ಯ ಕೊಟ್ಟು ಮಗುವನ್ನು ಕೊಂದರು ಎಂದು ಅಸಿಲ್‌ಕಾನ್ ಆಗಿನಿಂದ ಕಂಡಕಂಡವರ ಮುಂದೆ ಆಡಿಕೊಂಡಿದ್ದಳು. ಇಷ್ಟು ದಿನ ಅದನ್ನು ಕೇಳಿಸಿಕೊಂಡಿದ್ದ ಜಿಪಾರ್, ಈ ಸಲ ಎರಡೂ ಮನೆಯ ನಾಣ್ಯ ಪರೀಕ್ಷೆಯಾಗಲಿ ಎಂದು ಹಟ ಹಿಡಿದಿದ್ದಳಂತೆ.

ಸೊಸೆ ತಂದ ತವರಿನ ಅದೇ ನಾಣ್ಯ ಸವೆದು ಕೆಂಪಗಾಗಿತ್ತು. ಅತ್ತೆಯದು ಬೆಳ್ಳಗೆ ಫಳಫಳ.

"ಇದಕ್ಕೆ ಒರೆ ಬೇರೆ ಹಚ್ಚಬೇಕಾ ಅಕ್ಕ?" ಎಂದಳು ಅಸಿಲ್‌ಕಾನ್.

"ಬೆಳ್ಳಗಿರೋದೆಲ್ಲ ಹಾಲಲ್ಲ ಕಣೆ, ಸುಮ್ನಿರು."

ಎರಡನ್ನೂ ಕಲ್ಲಿಗೆ ಉಜ್ಜಿ ಗೆರೆ ಎಳೆದೆ. ಗೆರೆ ಕರಗಲು ಒಂದೊಂದು ಹನಿ ಆಮ್ಲ, ಮೇಲೊಂದು ಹನಿ ಉಪ್ಪುನೀರು. ಕೆಂಪು ನಾಣ್ಯದ ಗೆರೆಯ ಮೇಲೆ ಹಾಲು ಒಡೆದ ಹಾಗೆ ಬೆಳ್ಳಗೆ ಗರಣೆ ಕಟ್ಟಿತು. ಇನ್ನೊಂದರ ಮೇಲೆ ಬರೀ ಹಸಿರು ನೀರು. ನನಗೋ ಹೇಳಲು ಬೇಜಾರು. ಆದರೂ ಹೇಳಿದೆ.

"ಕೆಂಪಿಂದೇ ಬೆಳ್ಳಿ. ಹಳೇ ಕಾಲದ ಬೆಳ್ಳಿ ನಾಣ್ಯಕ್ಕೆ ಅರ್ಧಕ್ಕರ್ಧ ತಾಮ್ರ ಬೆರೆಸ್ತಿದ್ರು, ಸವೆದ್ರೆ ಹಿಂಗೇ ಆಗೋದು. ನಿಂದು ಆಮೇಲಿಂದು ಅಸಿಲ್‌ಕಾನ್. ತಾಮ್ರ, ನಿಕ್ಕಲ್ಲು, ಅಷ್ಟೇ."

ಅಸಿಲ್‌ಕಾನಳ ಮುಖ ಇಳಿದುಹೋಯಿತು. ತನ್ನ ನಾಲ್ಕು ಮಕ್ಕಳನ್ನೂ ಅದನ್ನೇ ಹಾಕಿ ಮೀಯಿಸಿದ್ದಾಗಿ ತಡವರಿಸುತ್ತ ಹೇಳಿದಳು. ನಾಲ್ವರೂ ಗುಂಡುಕಲ್ಲಿನ ಹಾಗಿದ್ದಾರೆ, ನಾನೂ ಕಂಡವಳೇ. ಇನ್ನು ಸೊಸೆ ಇವಳ ಬೆವರಿಳಿಸುತ್ತಾಳೆ, ಇಳಿಸಲಿ, ನ್ಯಾಯವೇ ಎಂದುಕೊಂಡೆ.

ಜಿಪಾರ್ ಅತ್ತೆಯ ಕಡೆ ನೋಡಲೂ ಇಲ್ಲ.

"ಹಂಗಾದ್ರೆ ನನ್ನ ಮಗು ಯಾಕೆ ಹೋಯ್ತು ಅಜ್ಜಿ?"

ಅವಳ ನಾಣ್ಯ ಖೋಟಾ ಎಂದಿದ್ದರೆ ಅವಳಿಗೆ ಒಂದು ಕಾರಣವಾದರೂ ಉಳಿಯುತ್ತಿತ್ತು. ಅದನ್ನೂ ನಾನೇ ಕಿತ್ತುಕೊಂಡಿದ್ದೆ.

"ಗೊತ್ತಿಲ್ಲ ಮಗಾ," ಎಂದೆ.

ಅಸಿಲ್‌ಕಾನ್ ತಲೆವಸ್ತ್ರದ ತುದಿಯಿಂದ ಮುಖ ಒರೆಸಿಕೊಂಡು ಕೆಂಪು ನಾಣ್ಯವನ್ನು ಎತ್ತಿ ಸೊಸೆಯ ಮುಂದೆ ಹಿಡಿದಳು. ನಾಳೆ ಇದನ್ನೇ ಹಾಕೋಣ, ತಪ್ಪು ನನ್ನದು ಎಂದಳು. ಅವಳ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ಜಿಪಾರ್ ಅದನ್ನು ಇಸಿದುಕೊಂಡು ನನ್ನ ಕಲ್ಲಿನ ಪಕ್ಕ ಇಟ್ಟುಬಿಟ್ಟಳು. ಅತ್ತೆಯ ನಿಕ್ಕಲ್ಲಿನ ನಾಣ್ಯವನ್ನು ಎತ್ತಿ, ಒರೆಸಿ, ಕೂಸಿನ ಬಟ್ಟೆಯೊಳಗೆ ಸಿಕ್ಕಿಸಿದಳು.

"ಇದು ಸಾಕು ಅತ್ತೆ. ಇದರಲ್ಲಿ ಮಿಂದವರೆಲ್ಲ ಬದುಕಿದಾರೆ."